ರಾಗಿ, ಸೊಪ್ಪು, ಕಾಳು: ಒಂದು ಊಟದ ಲೆಕ್ಕ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ಕೇಳದವರಾರು? ಆದರೆ ಊಟವನ್ನು ಬಲ್ಲುದಕ್ಕೂ ಊಟವನ್ನು ಕೊಳ್ಳುವುದಕ್ಕೂ ನಡುವೆ ಎಷ್ಟು ದೂರವಿದೆಯೆಂಬುದನ್ನು ಆ ಗಾದೆ ಹೇಳುವುದಿಲ್ಲ. ಹಾಲು, ತುಪ್ಪ, ಬಾದಾಮಿ, ಸೇಬು ಇವೆಲ್ಲ ಮೈಗೆ ಒಳ್ಳೆಯವೆಂಬುದು ನಮ್ಮೂರಿನ ಕೂಲಿಯಾಳಿಗೂ ಗೊತ್ತು. ಗೊತ್ತಿದ್ದು ಮಾಡುವುದೇನು? ಜೇಬಿನಲ್ಲಿರುವ ಹಣಕ್ಕೆ ಒದಗಬೇಕು, ಮೈಗೆ ಪುಷ್ಟಿಯಾಗಬೇಕು, ನಾಲಗೆಯೂ ಒಪ್ಪಬೇಕು. ಈ ಮೂರರಲ್ಲಿ ಎರಡು ಸೇರುವುದು ಸುಲಭ. ಮೂರೂ ಒಂದೇ ತಟ್ಟೆಯಲ್ಲಿ ಸೇರುವುದು ಸಾಧ್ಯವೇ? ಅರ್ಥಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನಾನು ಈ ಪ್ರಶ್ನೆಯನ್ನು ಹಳೆಯ ಮೈಸೂರು ಸೀಮೆಯ, ಅಂದರೆ ನಾನು ಹುಟ್ಟಿ ಬೆಳೆದ ನೆಲದ, ಊಟವೊಂದನ್ನು ಮುಂದಿಟ್ಟುಕೊಂಡು ವಿಚಾರಿಸಲು ಇಲ್ಲಿ ಪ್ರಯತ್ನಿಸಿದ್ದೇನೆ. ವಾಚಕರು, ಅದರಲ್ಲಿಯೂ ವಿಜ್ಞಾನ ಬಲ್ಲ ಅಧ್ಯಾಪಕರು, ಸಾವಧಾನದಿಂದ ಓದಬೇಕೆಂದು ಬಿನ್ನಹ.

ಈ ವಿಚಾರಕ್ಕೆ ಕೈಹಾಕಲು ಕಾರಣವಿದೆ. ಹೋದ ವರ್ಷ ನಮ್ಮ ವಿದ್ಯಾರ್ಥಿನಿಯರ ವಸತಿಗೃಹಕ್ಕೆ ವೈದ್ಯರ ತಂಡವೊಂದು ಬಂದು ಎಲ್ಲರ ರಕ್ತವನ್ನು ಪರೀಕ್ಷಿಸಿತು. ಹೆಂಗಸರಿಗೆ ಒಂದು ಡೆಸಿಲೀಟರ್ ರಕ್ತದಲ್ಲಿ 12 ಗ್ರಾಂ ಹಿಮೋಗ್ಲೋಬಿನ್ ಇರಬೇಕು. ನನ್ನದು 9ರ ಹತ್ತಿರ ಇತ್ತು. ನನ್ನ ಕೋಣೆಯ ಇಬ್ಬರು ಗೆಳತಿಯರದೂ ಅಷ್ಟರಲ್ಲೇ. ಮೆಟ್ಟಿಲು ಹತ್ತುವಾಗ ಏದುಸಿರು ಬರುವುದು, ಮಧ್ಯಾಹ್ನದ ತರಗತಿಯಲ್ಲಿ ಕಣ್ಣಿಗೆ ಕತ್ತಲೆ ಕವಿಯುವುದು, ಇವನ್ನೆಲ್ಲ ನಾವು ಓದಿನ ಆಯಾಸವೆಂದು ಬಗೆದಿದ್ದೆವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ತೆರೆದು ನೋಡಿದರೆ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು ತಿಳಿಯುತ್ತದೆ. ನಮ್ಮ ಕೋಣೆಯ ಸಂಗತಿ ಕೋಣೆಯದಷ್ಟೇ ಅಲ್ಲವೆಂದಾಯಿತು. ವೈದ್ಯರು ಮಾತ್ರೆ ಬರೆದುಕೊಟ್ಟರು, ಜೊತೆಗೆ “ಏನು ಊಟ ಮಾಡುತ್ತೀಯಮ್ಮ?” ಎಂದು ಕೇಳಿದರು. ಆ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರ ಹೇಳಬೇಕೆನಿಸಿತು.

ಲೆಕ್ಕ ಹಾಕಲು ಅಳತೆ ಬೇಕು. ನಮ್ಮ ದೇಶದಲ್ಲಿ ಯಾವ ಧಾನ್ಯದಲ್ಲಿ ಏನೇನು ಸತ್ತ್ವವಿದೆಯೆಂದು ಅಳೆದು ಪಟ್ಟಿ ಮಾಡುವ ಕೆಲಸ ನೀಲಗಿರಿಯ ಕೂನೂರಿನಲ್ಲಿ ಆರಂಭವಾಯಿತು. ಅಲ್ಲಿಯ ಪ್ರಯೋಗಾಲಯದ ನಿರ್ದೇಶಕರಾಗಿದ್ದ ಆಯ್‌ಕ್ರಾಯ್ಡ್ ಎಂಬವರು 1937ರಲ್ಲಿ ಭಾರತದ ಆಹಾರಗಳ ಪೌಷ್ಟಿಕ ಬೆಲೆಯನ್ನು ಕುರಿತು ಒಂದು ಸಣ್ಣ ಪುಸ್ತಕವನ್ನು ಪ್ರಕಟಿಸಿದರು. ಆ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಬಂದು, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರು ಪಡೆಯಿತು. ಆ ಸಂಸ್ಥೆ 2017ರಲ್ಲಿ ಹೊಸದಾಗಿ ಪ್ರಕಟಿಸಿದ ಕೋಷ್ಟಕವನ್ನೇ ನಾನು ಮುಂದಿನ ಲೆಕ್ಕಕ್ಕೆಲ್ಲ ಆಧಾರವಾಗಿಟ್ಟುಕೊಂಡಿದ್ದೇನೆ.

ಮೊದಲು ರಾಗಿಯನ್ನು ತೆಗೆದುಕೊಳ್ಳೋಣ. ರಾಗಿ ನಮ್ಮದೇ ಎಂದು ನಾವು ಎಷ್ಟು ಹೆಮ್ಮೆಪಟ್ಟರೂ ಅದರ ತವರು ಪೂರ್ವ ಆಫ್ರಿಕದ ಎತ್ತರದ ನೆಲ. ಸಹಸ್ರಾರು ವರ್ಷಗಳ ಹಿಂದೆ ಸಮುದ್ರ ದಾಟಿ ಬಂದು ನಮ್ಮ ಕೆಂಪು ಮಣ್ಣಿಗೆ ಒಗ್ಗಿಕೊಂಡಿತು. ಕನಕದಾಸರು ‘ರಾಮಧಾನ್ಯ ಚರಿತ್ರೆ’ಯಲ್ಲಿ ರಾಗಿಗೂ ಭತ್ತಕ್ಕೂ ಜಗಳ ಹಚ್ಚಿ, ಎರಡನ್ನೂ ರಾಮನಿಂದ ಆರು ತಿಂಗಳು ಸೆರೆಯಲ್ಲಿ ಇಡಿಸಿ, ಕೊನೆಗೆ ಕೆಡದೆ ಉಳಿದ ರಾಗಿಯನ್ನು ಗೆಲ್ಲಿಸಿದ ಕಥೆ ನಮ್ಮೆಲ್ಲರಿಗೂ ತಿಳಿದುದೇ. ಅದು ಕವಿಯ ಕಲ್ಪನೆ ಮಾತ್ರವಲ್ಲ. ನಮ್ಮ ಊರುಗಳಲ್ಲಿ ಹಗೇವು ಎಂಬ ನೆಲದ ಕಣಜದಲ್ಲಿ ರಾಗಿಯನ್ನು ವರ್ಷಗಟ್ಟಲೆ ಹುಳು ಹಿಡಿಯದಂತೆ ಇಡುತ್ತಿದ್ದರು. ಬರಗಾಲ ಬಂದಾಗ ಬಾಯಿ ತೆರೆಯುತ್ತಿದ್ದ ಬ್ಯಾಂಕು ಅದು.

ಇನ್ನೊಂದು ಗುಣವನ್ನು ಇಲ್ಲಿಯೇ ಹೇಳಿಬಿಡಬೇಕು. ಅಕ್ಕಿಯನ್ನು ಗಿರಣಿಯಲ್ಲಿ ಪಾಲಿಷ್ ಮಾಡುವಾಗ ತೌಡಿನೊಡನೆ ಸತ್ತ್ವದ ಬಹುಭಾಗವೂ ಹೊರಟುಹೋಗುತ್ತದೆ. ರಾಗಿಯ ಕಾಳು ಸಾಸಿವೆಯಷ್ಟು ಸಣ್ಣದು; ಅದರ ಸಿಪ್ಪೆಯನ್ನು ಬಿಡಿಸುವುದು ಸುಲಭವಲ್ಲ. ಆದುದರಿಂದ ಬಡವನಾಗಲಿ ಬಲ್ಲಿದನಾಗಲಿ ಸಿಪ್ಪೆ ಸಹಿತವೇ ಬೀಸಿ ತಿನ್ನಬೇಕು. ಗಿರಣಿಯ ನಾಗರಿಕತೆ ರಾಗಿಯನ್ನು ಮುಟ್ಟಲಾರದೆ ಬಿಟ್ಟದ್ದು ನಮ್ಮ ಪುಣ್ಯ.

ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಇದೆ. ಅಷ್ಟೇ ತೂಕದ ಪಾಲಿಷ್ ಮಾಡಿದ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಮೂ ಇಲ್ಲ. ಪ್ರಾಯದವರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕೆಂದು 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಗೊತ್ತುಮಾಡಿತು. ಹಾಗಾದರೆ ನೂರು ಗ್ರಾಂ ಹಿಟ್ಟಿನ ಒಂದು ಮುದ್ದೆಯನ್ನು ಉಂಡವನು ದಿನದ ಸುಣ್ಣದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ನುಂಗಿದಂತಾಯಿತು. ನುಂಗಿದ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಮುದ್ದೆಯನ್ನು ಅಗಿಯುವವರನ್ನು ಕಂಡರೆ ನಮ್ಮ ಅಜ್ಜಿ ನಗುತ್ತಿದ್ದಳು.

ಈಗ ಬೆಲೆಯ ಮಾತು. ಅಂಗಡಿಯ ಬೆಲೆ ಊರಿಂದ ಊರಿಗೆ, ವಾರದಿಂದ ವಾರಕ್ಕೆ ಬದಲಾಗುವುದರಿಂದ ಕೇಂದ್ರ ಸರ್ಕಾರ ಗೊತ್ತುಮಾಡುವ ಕನಿಷ್ಠ ಬೆಂಬಲ ಬೆಲೆಯನ್ನೇ ಹಿಡಿದೆ. 2025-26ರ ಮುಂಗಾರು ಬೆಳೆಗೆ ರಾಗಿಗೆ ಕ್ವಿಂಟಲಿಗೆ 4,886 ರೂಪಾಯಿ, ತೊಗರಿಗೆ 8,000, ಸಿಪ್ಪೆಯ ಕಡಲೆಕಾಯಿಗೆ 7,263. ಒಂದು ರೂಪಾಯಿಗೆ ಏನು ಬಂದೀತೆಂದು ಭಾಗಿಸಿ ನೋಡಿದರೆ ರಾಗಿಯಿಂದ ಸುಮಾರು 74 ಮಿಲಿಗ್ರಾಂ ಸುಣ್ಣ ದೊರಕುತ್ತದೆ. 2025ರ ಏಪ್ರಿಲ್‌ನಲ್ಲಿ ಬೆಲೆ ಏರಿದ ಮೇಲೆ ನಮ್ಮಲ್ಲಿ ಟೋನ್ಡ್ ಹಾಲು ಲೀಟರಿಗೆ 46 ರೂಪಾಯಿ ಆಯಿತು. ಅದರಿಂದ ರೂಪಾಯಿಗೆ 26 ಮಿಲಿಗ್ರಾಮಿನಷ್ಟು ಮಾತ್ರ. ಸಸಾರಜನಕದ ಲೆಕ್ಕ ಬೇರೆ. (ಪ್ರೋಟೀನಿಗೆ ನಮ್ಮ ಹಿರಿಯ ಅಧ್ಯಾಪಕರು ಬಳಸುವ ಈ ಹೆಸರು ನನಗೆ ಇಷ್ಟ.) ರಾಗಿಯಲ್ಲಿ ಅದು ರೂಪಾಯಿಗೆ ಒಂದೂವರೆ ಗ್ರಾಂ, ತೊಗರಿಯಲ್ಲಿ ಎರಡೂವರೆ ಗ್ರಾಮಿನಷ್ಟು, ಸಿಪ್ಪೆ ಕಳೆದು ನೋಡಿದರೆ ಕಡಲೆಕಾಯಿಯಲ್ಲಿ ಎರಡು ಗ್ರಾಮಿನ ಮೇಲೆ. ಹಾಲಿನಲ್ಲಿ ಒಂದು ಗ್ರಾಮಿಗೂ ಕಡಿಮೆ. ಅಂಗಡಿಯಲ್ಲಿ ಬೇಳೆಕಾಳಿನ ಬೆಲೆ ಇದಕ್ಕಿಂತ ಹೆಚ್ಚಾದ್ದರಿಂದ ಈ ಅಂಕೆಗಳು ಕುಗ್ಗುತ್ತವೆ. ಆದರೂ ಕಾಳು ಮುಂದೆ, ಹಾಲು ಹಿಂದೆ ಎಂಬ ಸಾಲು ಬದಲಾಗುವುದಿಲ್ಲ.

ಇಷ್ಟಕ್ಕೇ ಹಿಗ್ಗಿ ಹಾಲನ್ನು ಬಿಡಬಹುದೆಂದು ಯಾರೂ ತಿಳಿಯಬಾರದು. ಪಟ್ಟಿಯಲ್ಲಿ ಇರುವುದೆಲ್ಲ ಮೈಗೆ ಸೇರುವುದಿಲ್ಲ. ರಾಗಿಯಲ್ಲಿ ಫೈಟಿಕ್ ಆಮ್ಲ, ಟ್ಯಾನಿನ್ ಮೊದಲಾದ ವಸ್ತುಗಳಿವೆ. ಇವು ಸುಣ್ಣವನ್ನೂ ಕಬ್ಬಿಣವನ್ನೂ ಹಿಡಿದಿಟ್ಟುಕೊಂಡು ಕರುಳಿಗೆ ಬಿಟ್ಟುಕೊಡಲು ಹಟ ಮಾಡುತ್ತವೆ. ಹಾಲಿನ ಸುಣ್ಣ ಅದಕ್ಕಿಂತ ಸುಲಭವಾಗಿ ಮೈಗೆ ಹತ್ತುತ್ತದೆ. ಆದರೆ ಈ ಹಟವನ್ನು ಮುರಿಯುವ ಉಪಾಯ ವಿಜ್ಞಾನಿಗಳಿಗಿಂತ ಮುಂಚೆಯೇ ಮನೆಯ ಹೆಂಗಸರಿಗೆ ತಿಳಿದಿತ್ತು. ರಾಗಿಯನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿದರೆ ಫೈಟಿಕ್ ಆಮ್ಲ ಬಹುಮಟ್ಟಿಗೆ ಇಳಿಯುತ್ತದೆ. ಮೊಳಕೆಯ ಹಿಟ್ಟಿಗೆ ಇನ್ನೊಂದು ಗುಣವೂ ಉಂಟು: ಅದರಲ್ಲಿ ಹುಟ್ಟುವ ಕಿಣ್ವವು ಪಿಷ್ಟವನ್ನು ಒಡೆಯುವುದರಿಂದ ಗಂಜಿ ಅಂಟಂಟಾಗದೆ ತೆಳ್ಳಗಾಗುತ್ತದೆ. ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಕದಡಬಹುದು. ಸಣ್ಣ ಹೊಟ್ಟೆಯ ಮಗುವಿಗೆ ಹೆಚ್ಚು ಶಕ್ತಿ ಸೇರುತ್ತದೆ. ಹುಳಿ ಬರಿಸಿದ ಅಂಬಲಿಯಿಂದಲೂ ಇದೇ ರೀತಿಯ ಲಾಭವಿದೆ. 2024ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಹಾಲಿನೊಡನೆ ರಾಗಿ ಮಾಲ್ಟ್ ಬೆರೆಸಿ ಕೊಡಲು ಆರಂಭಿಸಿದುದು ನನಗೆ ಬಹಳ ಸಂತೋಷ ತಂದ ಸುದ್ದಿ. ರಾಗಿ, ಹಾಲು ಎರಡರ ಸುಣ್ಣವೂ ಒಂದೇ ಲೋಟದಲ್ಲಿ ಸೇರಿತು.

ಇನ್ನು ಕಾಳು. ಬರಿಯ ಮುದ್ದೆಯಿಂದ ಮೈ ಬೆಳೆಯುವುದಿಲ್ಲ. ಸಸಾರಜನಕವೆಂಬುದು ಹಲವು ಅಮೈನೊ ಆಮ್ಲಗಳ ಸರಪಳಿ. ಧಾನ್ಯಗಳಲ್ಲಿ ಲೈಸೀನ್ ಎಂಬ ಕೊಂಡಿ ಕಡಿಮೆ. ಕಾಳುಗಳಲ್ಲಿ ಅದು ಹೇರಳ. ಕಾಳುಗಳಲ್ಲಿ ಮೆಥಿಯೊನೀನ್ ಕಡಿಮೆ. ರಾಗಿಯಲ್ಲಿ ಅದು ಚೆನ್ನಾಗಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮುದ್ದೆಯ ಪಕ್ಕದಲ್ಲಿ ಕಾಳಿನ ಸಾರನ್ನು ಇಟ್ಟವರು ಯಾರೋ, ಅವರಿಗೆ ಅಮೈನೊ ಆಮ್ಲದ ಹೆಸರು ಗೊತ್ತಿರಲಿಲ್ಲ; ಊಟ ಮಾತ್ರ ಸರಿಯಾಗಿತ್ತು.

ಕಾಳುಗಳಲ್ಲಿ ಹುರುಳಿಗೆ ನನ್ನ ಮನಸ್ಸಿನಲ್ಲಿ ಮೊದಲ ಸ್ಥಾನ. ಪೇಟೆಯವರು ಅದನ್ನು ಕುದುರೆಯ ಕಾಳೆಂದು ಮೂಗು ಮುರಿಯುತ್ತಾರೆ. ಕುದುರೆಗೆ ಬಂದ ಬುದ್ಧಿ ನಮಗೇಕೆ ಬರಬಾರದೋ ತಿಳಿಯದು. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ, ಕಬ್ಬಿಣವೂ ಧಾರಾಳವಾಗಿದೆ. ಮಳೆ ಕೈಕೊಟ್ಟ ಕಲ್ಲುಭೂಮಿಯಲ್ಲಿಯೂ ಬೆಳೆಯುತ್ತದೆ. ಮೊಳಕೆ ಬರಿಸಿದ ಹುರುಳಿಯ ಸಾರು ಬೇರೆ ರುಚಿ, ಹುರುಳಿ ಕಟ್ಟಿನ ಸಾರು ಬೇರೆ ರುಚಿ. ಪುಷ್ಯಮಾಸದ ಚಳಿಯಲ್ಲಿ ಸೊಗಡಿನ ಅವರೆಕಾಯಿ ಸಂತೆಗೆ ಬಂದಾಗ ಮಾತ್ರ ನಾನು ಹುರುಳಿಯ ಪಕ್ಷ ಬಿಟ್ಟು ಅವರೆಯ ಪಕ್ಷ ಸೇರುತ್ತೇನೆ.

ಬಸ್ಸಾರನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಲು ವಾಚಕರು ಅನುಮತಿ ಕೊಡಬೇಕು. ಏಕೆಂದರೆ ರುಚಿ, ಮಿತವ್ಯಯ, ಪುಷ್ಟಿ ಮೂರೂ ಒಟ್ಟಿಗೆ ಕೂಡುವುದು ಎಲ್ಲಿ ಎಂದು ಯಾರಾದರೂ ಕೇಳಿದರೆ ನಾನು ಆ ಪಾತ್ರೆಯನ್ನೇ ತೋರಿಸುತ್ತೇನೆ. ಹುರುಳಿ, ಅಲಸಂದೆ, ತೊಗರಿ, ಅವರೆ ಇವುಗಳಲ್ಲಿ ಯಾವುದಾದರೊಂದು ಕಾಳನ್ನು ಬೇಯಲು ಇಡುತ್ತಾರೆ. ಮುಕ್ಕಾಲು ಬೆಂದ ಮೇಲೆ ಹೆಚ್ಚಿದ ಸೊಪ್ಪನ್ನು ಹಾಕುತ್ತಾರೆ. ಬೆಂದ ಮೇಲೆ ನೀರನ್ನು ಬಸಿಯುತ್ತಾರೆ. ಈ ಬಸಿದ ನೀರೇ ಕಟ್ಟು. ಬೇರೆ ಎಷ್ಟೋ ಅಡಿಗೆಗಳಲ್ಲಿ ಸೊಪ್ಪು ಬೇಯಿಸಿದ ನೀರು ಬಚ್ಚಲಿಗೆ ಹೋಗುತ್ತದೆ, ಅದರೊಡನೆ ನೀರಿನಲ್ಲಿ ಕರಗುವ ಜೀವಸತ್ತ್ವಗಳೂ ಲವಣಗಳೂ ಹೋಗುತ್ತವೆ. ಇಲ್ಲಿ ಹಾಗಲ್ಲ. ಸುಟ್ಟ ಅಥವಾ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಮೆಣಸು, ಜೀರಿಗೆ, ಒಂದಿಷ್ಟು ತೆಂಗಿನಕಾಯಿ, ಹುಣಿಸೆಹಣ್ಣು, ಇವುಗಳೊಡನೆ ಬೆಂದ ಕಾಳುಸೊಪ್ಪಿನಲ್ಲಿ ಒಂದು ಹಿಡಿ ಸೇರಿಸಿ ನುಣ್ಣಗೆ ಅರೆದು, ಆ ಕಟ್ಟಿಗೆ ಕದಡಿ ಕುದಿಸಿದರೆ ಸಾರಾಯಿತು. ಉಳಿದ ಕಾಳುಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯವಾಯಿತು. ಒಂದು ಒಲೆ, ಒಂದು ಪಾತ್ರೆ, ಎರಡು ಪದಾರ್ಥ, ಎಸೆಯುವುದು ಏನೂ ಇಲ್ಲ. ಮಾರನೆಯ ದಿನ ಕಾಯಿಸಿ ಉಂಡರೆ ಸಾರಿನ ರುಚಿ ಇನ್ನೂ ಏರುತ್ತದೆ.

ಈ ಊಟದ ಸಾಮಗ್ರಿಯೆಲ್ಲ ಒಂದು ಕಾಲಕ್ಕೆ ಒಂದೇ ಹೊಲದಿಂದ ಬರುತ್ತಿತ್ತು ಎಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕಾದ ವಿಷಯ. ರಾಗಿಯ ಹೊಲದಲ್ಲಿ ಕೆಲವು ಸಾಲು ಬಿಟ್ಟು ಒಂದೊಂದು ಅಕ್ಕಡಿ ಸಾಲು ಹಾಕುತ್ತಿದ್ದರು: ಅವರೆ, ತೊಗರಿ, ಅಲಸಂದೆ, ಜೋಳ, ಹುಚ್ಚೆಳ್ಳು, ಸಾಸಿವೆ, ಹರಳು. ಮುದ್ದೆ ಒಂದು ಸಾಲಿನಿಂದ, ಸಾರಿನ ಕಾಳು ಪಕ್ಕದ ಸಾಲಿನಿಂದ, ಚಟ್ನಿಪುಡಿಗೆ ಹುಚ್ಚೆಳ್ಳು ಬದುವಿನ ಅಂಚಿನಿಂದ. ಕಳೆ ಕೀಳಲು ಹೋದ ಹೆಂಗಸರು ಮಡಿಲಲ್ಲಿ ಬೆರಕೆ ಸೊಪ್ಪು ತರುತ್ತಿದ್ದರು: ಅಣ್ಣೆಸೊಪ್ಪು, ಗೋಣಿಸೊಪ್ಪು, ಹೊನಗೊನೆ, ಗಣಿಕೆ, ಕೀರೆ. ಅದಕ್ಕೆ ಬೆಲೆಯೇ ಇಲ್ಲ. ಬೆಲೆ ಇಲ್ಲದ ವಸ್ತು ನಮ್ಮ ಪಠ್ಯಪುಸ್ತಕದ ರಾಷ್ಟ್ರೀಯ ಆದಾಯದ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ಕಣ್ಣಿಗೆ ಬೇಕಾದ ಎ ಜೀವಸತ್ತ್ವದ ಮೂಲ ಅದರಲ್ಲಿತ್ತು, ಕಬ್ಬಿಣವಿತ್ತು. ನಮ್ಮೂರಿನಲ್ಲಿ ಈಗ ಬಹಳ ಹೊಲಗಳಲ್ಲಿ ಅಕ್ಕಡಿ ಇಲ್ಲ. ಕಳೆನಾಶಕ ಹೊಡೆದ ಕಡೆ ಸೊಪ್ಪೂ ಇಲ್ಲ. ರಾಗಿಯ ಇಳುವರಿಯೇನೋ ಹೆಚ್ಚಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಡಾ. ಲಕ್ಷ್ಮಣಯ್ಯನವರು ಭಾರತದ ತಳಿಗೂ ಆಫ್ರಿಕದ ತಳಿಗೂ ಸಂಕರ ಮಾಡಿ ‘ಇಂಡಾಫ್’ ತಳಿಗಳನ್ನು ಕೊಟ್ಟ ಮೇಲೆ ಎಕರೆಗೆ ಬರುವ ಚೀಲಗಳು ಏರಿದವು. ಅವರನ್ನು ರಾಗಿ ಬ್ರಹ್ಮನೆಂದು ಜನ ಕರೆದುದು ಸರಿಯಾಗಿಯೇ ಇದೆ. ಆದರೆ ಚೀಲ ಹೆಚ್ಚಾದ ಮನೆಯಲ್ಲಿ ಸಾರಿನ ಕಾಳಿಗೆ ಅಂಗಡಿಗೆ ಹೋಗಬೇಕಾದರೆ, ಊಟದ ಲೆಕ್ಕದಲ್ಲಿ ಎಷ್ಟು ಲಾಭ ಎಷ್ಟು ನಷ್ಟ ಎಂಬುದನ್ನು ಯಾರಾದರೂ ಕೂಡಿಸಿ ನೋಡಬೇಕು.

ಕಡಲೆಕಾಯಿಯನ್ನು ಬಡವರ ಬಾದಾಮಿಯೆಂದು ಕರೆಯುವುದು ರೂಢಿ. ಈ ಹೆಸರಿನಲ್ಲಿ ಬಾದಾಮಿಗೆ ಅನಗತ್ಯವಾದ ಮರ್ಯಾದೆಯಿದೆ. ಸಸಾರಜನಕದಲ್ಲಿ ಕಡಲೆಕಾಯಿ ಬಾದಾಮಿಗಿಂತ ಕಡಿಮೆಯೇನಲ್ಲ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದವರು ಡಾ. ವಿ. ಸುಬ್ರಹ್ಮಣ್ಯನ್ ಅವರು ನಿರ್ದೇಶಕರಾಗಿದ್ದ ಕಾಲದಲ್ಲಿ ಬಡವರಿಗಾಗಿ ಒಂದು ‘ವಿವಿಧೋದ್ದೇಶ ಆಹಾರ’ವನ್ನು ಸಿದ್ಧಪಡಿಸಿದರು. ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮೂರು ಪಾಲು, ಹುರಿದ ಕಡಲೆಯ ಹಿಟ್ಟು ಒಂದು ಪಾಲು. ಇದೇ ಅದರ ಮುಖ್ಯ ಸೂತ್ರ. ಓದಿದಾಗ ನನಗೆ ನಗು ಬಂತು. ಕಡಲೆಕಾಯಿಬೀಜ, ಹುರಿಗಡಲೆ, ಒಣಮೆಣಸಿನಕಾಯಿ, ಉಪ್ಪು, ಹುಣಿಸೆಹಣ್ಣು, ಇದು ನಮ್ಮ ಅವ್ವ ರೊಟ್ಟಿಗೆ ಅರೆಯುವ ಚಟ್ನಿಯಲ್ಲವೇ! ವಿಜ್ಞಾನಿಗಳ ಪುಡಿಯ ಹೆಸರನ್ನು ಇಂದು ನಮ್ಮ ಅಂಗಡಿಗಳಲ್ಲಿ ಕೇಳುವವರಿಲ್ಲ. ಚಟ್ನಿ ಒರಳಿನಿಂದ ಮಿಕ್ಸಿಗೆ ಬಂದು ಬದುಕಿದೆ. ಅದಕ್ಕೆ ಮೆಣಸಿನಕಾಯಿಯೂ ಹುಣಿಸೆಹಣ್ಣೂ ಕಾರಣವಿರಬೇಕೆಂದು ನನ್ನ ಊಹೆ.

ಈಗ ಇವನ್ನೆಲ್ಲ ಒಂದು ದಿನದ ತಟ್ಟೆಗೆ ಇಳಿಸೋಣ. 55 ಕಿಲೋ ತೂಕದ ಹುಡುಗಿಗೆ ದಿನಕ್ಕೆ ಸುಮಾರು 46 ಗ್ರಾಂ ಸಸಾರಜನಕ ಬೇಕು. ಇನ್ನೂರು ಗ್ರಾಂ ರಾಗಿಯಿಂದ 14, ಇನ್ನೂರು ಗ್ರಾಂ ಅಕ್ಕಿಯಿಂದ 16, ಐವತ್ತು ಗ್ರಾಂ ಹುರುಳಿಯಿಂದ 11, ಮೂವತ್ತು ಗ್ರಾಂ ಕಡಲೆಕಾಯಿಬೀಜದಿಂದ 7, ಒಟ್ಟು 48. ಲೆಕ್ಕ ಕೂಡಿತು. ಸುಣ್ಣವೂ ರಾಗಿಯೊಂದರಿಂದಲೇ 700 ಮಿಲಿಗ್ರಾಂ ದಾಟಿತು. ಒಂದು ಹಿಡಿ ನುಗ್ಗೆಸೊಪ್ಪು, ಒಂದು ಲೋಟ ಮಜ್ಜಿಗೆ ಸೇರಿದರೆ ಕೊರತೆಯಿಲ್ಲ.

ಕಬ್ಬಿಣದ ಲೆಕ್ಕ ಮಾತ್ರ ಕೂಡಲಿಲ್ಲ. ಮೇಲಿನ ತಟ್ಟೆಗೆ ನೂರು ಗ್ರಾಂ ಸೊಪ್ಪನ್ನು ಸೇರಿಸಿ ಎರಡು ಸಲ ಕೂಡಿಸಿದೆ. 20 ಮಿಲಿಗ್ರಾಮಿನ ಆಸುಪಾಸಿಗೆ ಬಂದು ನಿಂತಿತು. ಹೆಂಗಸರಿಗೆ ಬೇಕಾದುದು 29. ಜೊತೆಗೆ ಫೈಟಿಕ್ ಆಮ್ಲದ ಹಟ ಬೇರೆ. ಆದುದರಿಂದ ರಕ್ತ ಕಡಿಮೆಯಿರುವವರು ಮಾತ್ರೆಯನ್ನು ಬಿಟ್ಟು ಮುದ್ದೆಯನ್ನು ನಂಬಿ ಕೂರಬೇಕೆಂದು ನಾನು ಹೇಳಲಾರೆ. ಬೆಲ್ಲದ ತುಂಡಿನಿಂದ ರಕ್ತ ಏರುತ್ತದೆಂಬ ಮಾತನ್ನೂ ನಂಬಲಾರೆ. ನಾಲಗೆಯ ತುದಿಗೆ ಹತ್ತುವಷ್ಟು ಬೆಲ್ಲದಲ್ಲಿ ಎಷ್ಟು ಕಬ್ಬಿಣವಿದ್ದೀತು? ಆದರೆ ಇರುವ ಕಬ್ಬಿಣವನ್ನು ಕರುಳಿಗೆ ಒಪ್ಪಿಸುವ ದಾರಿಯುಂಟು. ಸಿ ಜೀವಸತ್ತ್ವ ಜೊತೆಗಿದ್ದರೆ ಕಾಳುಸೊಪ್ಪುಗಳ ಕಬ್ಬಿಣ ಹೆಚ್ಚು ಹೀರಲ್ಪಡುತ್ತದೆ. ಸಾರಿಗೆ ಹಿಂಡಿದ ನಿಂಬೆ, ಊಟವಾದ ಮೇಲೆ ಒಂದು ಸೀಬೆಹಣ್ಣು ಸಾಕು. ಸೀಬೆಯಲ್ಲಿ ಈ ಜೀವಸತ್ತ್ವ ಕಿತ್ತಳೆಗಿಂತ ಹಲವು ಪಟ್ಟು ಹೆಚ್ಚು. ಇದಕ್ಕೆ ವಿರುದ್ಧವಾಗಿ, ಊಟದ ಬೆನ್ನಿಗೇ ಕುಡಿಯುವ ಟೀ ಕಾಫಿಗಳು ಕಬ್ಬಿಣವನ್ನು ಒಳಗೆ ಬಿಡುವುದಿಲ್ಲ. ವಸತಿಗೃಹದಲ್ಲಿ ಬೆಳಗಿನ ತಿಂಡಿಯ ಜೊತೆಗೇ ಟೀ ಬಡಿಸುವ ಪದ್ಧತಿ ಒಂದು ಗಂಟೆ ಮುಂದಕ್ಕೆ ಹೋದರೆ ಯಾರಿಗೂ ಒಂದು ಕಾಸಿನ ಖರ್ಚಿಲ್ಲ. ಇನ್ನು ಬಿ-12 ಎಂಬ ಜೀವಸತ್ತ್ವ ರಾಗಿಯಲ್ಲಿಯೂ ಇಲ್ಲ, ಸೊಪ್ಪಿನಲ್ಲಿಯೂ ಇಲ್ಲ. ಅದಕ್ಕೆ ಹಾಲು, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಬೇಕೇ ಬೇಕು.

ರುಚಿಯ ವಿಷಯದಲ್ಲಿ ಒಂದು ಮಾತು. ರುಚಿ ನಾಲಗೆಯಲ್ಲಿ ಮಾತ್ರವಿಲ್ಲ, ಅಂತಸ್ತಿನಲ್ಲಿಯೂ ಇದೆ. ಅಕ್ಕಿಯ ಅನ್ನ ಹಬ್ಬದ ದಿನದ ಊಟವಾಗಿದ್ದ ಕಾಲವನ್ನು ನಮ್ಮ ಅಜ್ಜಿ ಹೇಳುತ್ತಿದ್ದಳು. 2013ರ ಜುಲೈನಲ್ಲಿ ಅನ್ನಭಾಗ್ಯ ಯೋಜನೆ ಬಂದು ಬಡವರ ಮನೆಯಲ್ಲಿ ದಿನವೂ ಅನ್ನ ಬೇಯುವಂತಾಯಿತು. ಹಸಿವು ನೀಗಿತು, ಅದನ್ನು ಹಗುರವಾಗಿ ಮಾತನಾಡುವವರು ಹಸಿವನ್ನು ಕಾಣದವರು. ಆದರೆ ಅದರ ಜೊತೆಗೆ ಮುದ್ದೆ ತಟ್ಟೆಯ ಅಂಚಿಗೆ ಸರಿಯಿತು. ಇತ್ತ ನಗರಗಳಲ್ಲಿ ತದ್ವಿರುದ್ಧ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ದೊಡ್ಡ ಅಂಗಡಿಗಳಲ್ಲಿ ರಾಗಿ ಬಿಸ್ಕತ್ತು, ರಾಗಿ ಶಾವಿಗೆ, ರಾಗಿ ಕುಕ್ಕೀಸು ಸಾಲುಗಟ್ಟಿ ನಿಂತವು. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಬೇಕು: ಎಷ್ಟೋ ಸಲ ಮೈದಾ ಮೊದಲು, ಸಕ್ಕರೆ ಆಮೇಲೆ, ರಾಗಿ ಎಲ್ಲೋ ಕೊನೆಯಲ್ಲಿ ಕೈಕಟ್ಟಿ ನಿಂತಿರುತ್ತದೆ. ಅದರ ಬೆಲೆಗೆ ನಮ್ಮ ಮನೆಯಲ್ಲಿ ಒಂದು ವಾರದ ಹಿಟ್ಟು ಬರುತ್ತದೆ.

ಇಲ್ಲಿಯವರೆಗೆ ನಾನು ತಟ್ಟೆಯ ಲೆಕ್ಕ ಹೇಳಿದೆ. ಆ ತಟ್ಟೆ ಯಾರ ಮುಂದೆ ಇದೆ ಎಂಬುದನ್ನು ಹೇಳಲಿಲ್ಲ. ಇದು ಯಾವ ಕೋಷ್ಟಕದಲ್ಲಿಯೂ ಇಲ್ಲ. ನಮ್ಮ ಮನೆಯಲ್ಲಿ ಸಾರು ಬಡಿಸುವ ಕ್ರಮ ಹೀಗೆ: ಮೊದಲು ಅಪ್ಪ, ಆಮೇಲೆ ಅಣ್ಣ, ಆಮೇಲೆ ಮಕ್ಕಳು, ಕೊನೆಗೆ ಅವ್ವ. ಸೌಟು ತಳಕ್ಕೆ ಹೋಗಿ ಕಾಳನ್ನು ಎತ್ತುವುದು ಮೊದಲಿನವರಿಗೆ. ಅವ್ವ ಕೂರುವ ಹೊತ್ತಿಗೆ ಪಾತ್ರೆಯಲ್ಲಿ ತಿಳಿಸಾರು ಇರುತ್ತದೆ. ಕಾಳು ಎಣಿಸಿದರೆ ಹತ್ತು ಸಿಕ್ಕಾವು. ಪಲ್ಯ ಮುಗಿದಿರುತ್ತದೆ. ರಜೆಯಲ್ಲಿ ಊರಿಗೆ ಹೋದಾಗ ಅವಳನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಅವಳ ರಕ್ತ ನನ್ನದಕ್ಕಿಂತ ಕಡಿಮೆ ಇತ್ತು. ದಿನವೂ ಹೊಲದಲ್ಲಿ ಕಳೆ ಕಿತ್ತು, ಸೊಪ್ಪು ಆರಿಸಿ, ಹುರುಳಿ ಬೇಯಿಸಿ, ಹಿಟ್ಟು ತಿರುವುವವಳಿಗೇ ರಕ್ತವಿಲ್ಲ. ಕೇಳಿದರೆ, “ನಂಗೇನವ್ವಾ, ಏನೋ ಒಂದು ಉಂಡ್ರಾಯ್ತು” ಎನ್ನುತ್ತಾಳೆ. ಒಂದು ರೂಪಾಯಿಗೆ ಎಷ್ಟು ಸಸಾರಜನಕ ಎಂದು ಭಾಗಿಸುವುದು ನನಗೆ ಸುಲಭವಾಯಿತು. ಒಂದು ಪಾತ್ರೆಯ ಕಾಳು ಐದು ಮಂದಿಗೆ ಹೇಗೆ ಭಾಗವಾಗುತ್ತದೆ ಎಂಬುದು ಕಷ್ಟದ ಲೆಕ್ಕ. ನಾನು ಮಾಡಿದ್ದು ಇಷ್ಟೇ: ಸಾರು ಇಳಿಸಿದ ಕೂಡಲೆ ಕಾಳಿನ ಪಲ್ಯವನ್ನು ಐದು ಬಟ್ಟಲಿಗೆ ಮೊದಲೇ ಹಂಚಿ ಮುಚ್ಚಿಟ್ಟೆ. ಅಪ್ಪ ಒಂದು ಸಲ ಬಟ್ಟಲನ್ನು, ಒಂದು ಸಲ ನನ್ನನ್ನು ನೋಡಿ ಸುಮ್ಮನೆ ಉಂಡರು. ನಾನು ಇಲ್ಲದಾಗ ತಂಗಿ ಅದನ್ನು ನಡೆಸಿಕೊಂಡು ಬರುತ್ತಿದ್ದಾಳೆ.

ವಸತಿಗೃಹದಲ್ಲಿ ತೊಡಕು ಬೇರೆ ರೀತಿಯದು. ಅಲ್ಲಿ ಎಲ್ಲರಿಗೂ ಸಮಪಾಲು. ಆದರೆ ವಾರದಲ್ಲಿ ಒಂದು ದಿನವೂ ಮುದ್ದೆ ಇರಲಿಲ್ಲ. ಊಟದ ಸಮಿತಿಯ ಮುಂದೆ ಈ ಅಂಕೆಗಳನ್ನಿಟ್ಟು ಮಾತನಾಡಿದಾಗ ಬೆಲೆಯ ಆಕ್ಷೇಪ ಯಾರಿಂದಲೂ ಬರಲಿಲ್ಲ. ಅಡಿಗೆಯ ಅಮ್ಮನವರು ಮಾತ್ರ ನೇರವಾಗಿ ಕೇಳಿದರು: “ಎಂಬತ್ತು ಜನಕ್ಕೆ ಹಿಟ್ಟು ತಿರುವೋಕೆ ನನ್ನ ರಟ್ಟೆ ಏನು ಕಬ್ಬಿಣದ್ದೇನಮ್ಮಾ?” ಅವರ ಮಾತು ನ್ಯಾಯವಾದುದು. ಅನ್ನಕ್ಕೆ ಎಸರಿಟ್ಟು ಅಕ್ಕಿ ಹಾಕಿದರೆ ಅದು ತನ್ನಷ್ಟಕ್ಕೆ ಬೇಯುತ್ತದೆ. ಮುದ್ದೆಗೆ ಎಸರು ಕುದಿಯುವಾಗ ಹಿಟ್ಟು ಸುರಿದು, ಬೇಯಲು ಬಿಟ್ಟು, ಪಾತ್ರೆಯನ್ನು ಕಾಲಿನಿಂದ ಒತ್ತಿಹಿಡಿದು, ಕೋಲಿನಿಂದ ಗಂಟಿಲ್ಲದಂತೆ ತಿರುವಿ, ಸುಡುವ ಹಿಟ್ಟನ್ನೇ ಕೈಯಲ್ಲಿ ಉಂಡೆ ಕಟ್ಟಬೇಕು. ರಾಗಿ ಅಗ್ಗವೆಂದು ನಾವು ಹೇಳುವಾಗ ಈ ರಟ್ಟೆಯ ಕೂಲಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮನೆಯಲ್ಲಿ ಅದನ್ನು ಹೆಂಗಸರು ಪುಕ್ಕಟೆ ಕೊಡುತ್ತಾರೆ.

ಕೊನೆಗೆ ಗುರುವಾರ ಒಂದು ದಿನ ಮುದ್ದೆ ಮತ್ತು ಬಸ್ಸಾರು ಎಂದು ಗೊತ್ತಾಯಿತು. ಆ ದಿನ ನಮ್ಮಲ್ಲಿ ನಾಲ್ವರು ಸರದಿಯಂತೆ ಅಡಿಗೆಮನೆಗೆ ಹೋಗಿ ಕೋಲು ಹಿಡಿಯುತ್ತೇವೆ. ಅಡಿಗೆಯ ಅಮ್ಮನವರು ಪಕ್ಕದಲ್ಲಿ ನಿಂತು ಗಂಟು ಹುಡುಕುತ್ತಾರೆ. ಮೊದಲ ಗುರುವಾರ ಮೂವತ್ತು ಮಂದಿ ಮುದ್ದೆ ಕೇಳಿದರು, ಉಳಿದವರು ಅನ್ನಕ್ಕೆ ಬಸ್ಸಾರು ಕಲಸಿ ಉಂಡರು. ಈಗ ಅರವತ್ತು ಮುದ್ದೆ ಕಟ್ಟುತ್ತಿದ್ದೇವೆ. ಇದೇ ತಿಂಗಳು ಎರಡನೆಯ ವರ್ಷದ ಹುಡುಗಿಯೊಬ್ಬಳು ತನ್ನ ಊರಿನಿಂದ ಹುಚ್ಚೆಳ್ಳು ಚಟ್ನಿಪುಡಿಯ ದೊಡ್ಡ ಡಬ್ಬವೊಂದನ್ನು ತಂದಳು. ತಿಂಗಳಿಗೆ ಸಾಕೆಂದು ಅವಳ ತಾಯಿ ಹೇಳಿ ಕಳಿಸಿದ್ದರಂತೆ, ಶನಿವಾರದ ಹೊತ್ತಿಗೆ ಖಾಲಿಯಾಗಿತ್ತು.